ಮುಂದಿನ ಬೋಗಿಯಲ್ಲೇ ಕುಳಿತುಕೊಳ್ಳಿ

ಮಿನಾಗಿ
ಜನವರಿ 20, 2024

ಪ್ರೀತಿಯ ಚಿಗುಸಾ,

ಹೊಸ ವರ್ಷದ ಕಾರ್ಡು ಕಳಿಸಿ ಇಪ್ಪತ್ತು ದಿನವಾಗಿಲ್ಲ, ಅತ್ತಿಗೆಯಿಂದ ಕಾಗದವೇ ಬಂತಲ್ಲ ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಎಂಬತ್ಮೂರು ತುಂಬಿತು. ಈಗಲೂ ಬೆಳಗ್ಗೆ ಎಂಟಕ್ಕೆ ಕಿಟಕಿ ಪಕ್ಕದ ಕೆಲಸದ ಹಲಗೆಯ ಮುಂದೆ ಕೂತರೆ ಸಂಜೆ ಐದಕ್ಕೇ ಏಳುವುದು. ನಿಮ್ಮಣ್ಣ ಮಸಾತೊಗೆ ಮಾರ್ಚಿಗೆ ಪುರಸಭೆಯ ಕೆಲಸದಿಂದ ನಿವೃತ್ತಿ. ಆಮೇಲೆ ದಿನವಿಡೀ ಮನೆಯಲ್ಲಿರುತ್ತಾರೆ. ನನಗೆ ಭಯ ಇರುವುದು ಅದೊಂದೇ.

ಇಪ್ಪತ್ತಾರು ವರ್ಷ ವರ್ಷಕ್ಕೊಂದು ಕಾರ್ಡಿನಲ್ಲೇ ಕಳೆದ ನಾವಿಬ್ಬರು ಈಗ ಕಾಗದ ಬರೆದುಕೊಳ್ಳುವಂತಾಗಿರುವುದು ಒಂದು ಕೆಲಸಕ್ಕಾಗಿ. ನಮ್ಮ ಕುಂಚದ ಅಂಗಡಿಗೆ ಪರದೇಶದವರು ಬರತೊಡಗಿದ್ದಾರೆ. ನಂಬುತ್ತೀಯಾ? ಯಾರೋ ಒಬ್ಬ ಅಕ್ಷರಕಲೆಯ ಮೇಷ್ಟ್ರು ಮಾವನ ಫೋಟೋ ತೆಗೆದು ಇಂಟರ್ನೆಟ್ಟಿನಲ್ಲಿ ಹಾಕಿದನಂತೆ. ಅಂದಿನಿಂದ ವಾರಕ್ಕೊಬ್ಬರು ಇಬ್ಬರು ಬರುತ್ತಾರೆ. ಬರುತ್ತಾರೆ ಅನ್ನುವುದಕ್ಕಿಂತ ಬರಲು ಹೊರಡುತ್ತಾರೆ ಅನ್ನಬೇಕು. ಅರ್ಧ ಜನ ದಾರಿ ತಪ್ಪುತ್ತಾರೆ. ಒರಿತೊ ಜಂಕ್ಷನ್ನಿನಲ್ಲಿ ಗಾಡಿ ಎರಡಾಗುವುದು ಅವರಿಗೆ ಹೇಗೆ ತಿಳಿಯಬೇಕು? ಹೋದ ತಿಂಗಳು ಪೋರ್ಚುಗಲ್ಲಿನ ಹೆಂಗಸೊಬ್ಬಳು ಹಿಂದಿನ ಬೋಗಿಯಲ್ಲೇ ಕೂತು ಕಾನತಾನಿಯ ಬೆಟ್ಟದ ತುದಿಗೆ ಹೋಗಿಬಿಟ್ಟಳು. ಅಲ್ಲಿಂದ ಯಾರೋ ಅಜ್ಜಿ ಫೋನು ಮಾಡಿದರು. "ಕುಂಚದಂಗಡಿಯೋರಾ? ನಿಮ್ಮ ಗಿರಾಕಿ ನಮ್ಮ ಅಂಗಳದಲ್ಲಿದ್ದಾಳೆ. ಉಪ್ಪಿನಕಾಯಿಗೆ ಮೂಲಂಗಿ ಹೆಚ್ಚಿಕೊಡ್ತಾ ಇದಾಳೆ. ಕೈ ಚುರುಕು. ಇನ್ನೊಂದು ಬುಟ್ಟಿ ಮುಗಿಸ್ಲಿ, ಆಮೇಲೆ ಕಳಿಸ್ತೀನಿ."

ಹಾಗಾಗಿ ದಾರಿ ತಿಳಿಸುವ ಒಂದು ಚೀಟಿ ಬೇಕು. ನಾನು ನಮ್ಮ ಭಾಷೆಯಲ್ಲಿ ಬರೆದಿದ್ದೇನೆ, ನೀನು ಇಂಗ್ಲಿಷಿಗೆ ಮಾಡಿಕೊಡುತ್ತೀಯಾ?

"ಓಕಾಯಾಮದಲ್ಲಿ ಉತ್ತರಕ್ಕೆ ಹೋಗುವ ಎರಡು ಬೋಗಿಯ ಗಾಡಿ ಹತ್ತಿ. ಹತ್ತಿದ ಕೂಡಲೇ ಬಾಗಿಲ ಬಳಿಯ ಪೆಟ್ಟಿಗೆಯಿಂದ ನಂಬರಿನ ಚೀಟಿ ತೆಗೆದುಕೊಳ್ಳಿ. ಒರಿತೊದಲ್ಲಿ ಬೋಗಿಗಳು ಬೇರೆಯಾಗುತ್ತವೆ. ಮುಂದಿನ ಬೋಗಿಯಲ್ಲೇ ಕುಳಿತುಕೊಳ್ಳಿ. ಅಲ್ಲಿಂದ ಆರನೇ ನಿಲ್ದಾಣ ಮಿನಾಗಿ. ಚಾಲಕನ ಪಕ್ಕದ ಬಾಗಿಲಲ್ಲಿ ಇಳಿಯಿರಿ. ಗುಂಡಿ ಒತ್ತದಿದ್ದರೆ ಬಾಗಿಲು ತೆರೆಯುವುದಿಲ್ಲ. ನಿಲ್ದಾಣದಿಂದ ನೇರ ನಡೆದು, ಹಳ್ಳದ ಸೇತುವೆ ದಾಟಿ, ಅಕ್ಕಿ ಅಂಗಡಿಯ ಬಳಿ ಎಡಕ್ಕೆ ತಿರುಗಿ. ದೇವಾಲಯದ ಗೋಡೆ ಮುಗಿದ ಮೇಲೆ ಮೂರನೇ ಮನೆ, ನೀಲಿ ಪರದೆ. ಮಂಗಳವಾರ ರಜೆ."

ಮಾವನಿಗೆ ನಿನ್ನನ್ನು ಕೇಳಿದ್ದೇನೆಂದು ಹೇಳಿಲ್ಲ. ಹೇಳುವ ಅಗತ್ಯವೂ ಇಲ್ಲ ಬಿಡು. ಇದು ಬರೀ ರೈಲಿನ ವಿಷಯ.

ನಿನ್ನ ಅತ್ತಿಗೆ,
ಇಕುಯೊ

*

ಹ್ಯಾಲಿಫ್ಯಾಕ್ಸ್, ಕೆನಡಾ
ಫೆಬ್ರವರಿ 9, 2024

ಇಕುಯೊ ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಕೇಳಿದ ಇಂಗ್ಲಿಷ್ ಬರಹ ಇದರ ಜೊತೆಗಿದೆ. ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ವಯಸ್ಸಾದವರಿಗೆ ಅನುಕೂಲ.

ಒಂದೆರಡು ಕಡೆ ಬದಲಿಸಿದ್ದೇನೆ, ಕ್ಷಮಿಸಿ. ಅಕ್ಕಿ ಅಂಗಡಿ ಎಂದು ಬರೆದರೆ ಹೊರಗಿನವರಿಗೆ ಪ್ರಯೋಜನವಿಲ್ಲ. ಬೋರ್ಡು ಓದಲು ಬರುವುದಿಲ್ಲ, ಬಾಗಿಲೂ ಮುಚ್ಚಿರುತ್ತದೆ. ಅದರ ಬದಲು ಎದುರಿನ ಕ್ಷೌರದಂಗಡಿಯ ತಿರುಗುವ ಕೆಂಪು ನೀಲಿ ಕಂಬವನ್ನು ಗುರುತಾಗಿ ಕೊಟ್ಟಿದ್ದೇನೆ. ಅದು ಯಾವ ದೇಶದವರಿಗೂ ಅರ್ಥವಾಗುತ್ತದೆ. ಮುಂದಿನ ಬೋಗಿಯ ಮಾತನ್ನು ಎರಡು ಸಲ ಬರೆದಿದ್ದೇನೆ. ಜನ ಒಂದು ಸಲ ಓದಿದ್ದನ್ನು ನಂಬುವುದಿಲ್ಲ.

ಇಲ್ಲಿ ಹಿಮ ಮೊಣಕಾಲಿನವರೆಗಿದೆ. ಗ್ರಂಥಾಲಯದ ಕೆಲಸಕ್ಕೆ ನಡೆದೇ ಹೋಗುತ್ತೇನೆ. ನನ್ನ ಗಂಡ ಡಂಕನ್ ದೋಣಿ ರಿಪೇರಿಯ ಕೊಟ್ಟಿಗೆಯಲ್ಲಿ ಒಲೆ ಹಾಕಿಕೊಂಡು ಕೂತಿರುತ್ತಾನೆ.

ಬೇರೇನೂ ವಿಶೇಷವಿಲ್ಲ. ಅಣ್ಣನಿಗೆ ನಿವೃತ್ತಿಯ ಶುಭಾಶಯ ತಿಳಿಸಿ.

ಚಿಗುಸಾ

*

ಮಿನಾಗಿ
ಫೆಬ್ರವರಿ 28, 2024

ಪ್ರೀತಿಯ ಚಿಗುಸಾ,

ಓಕಾಯಾಮ ನಿಲ್ದಾಣದಲ್ಲಿ ಇಡಿಸಿದ ನಿನ್ನ ಚೀಟಿ ಪವಾಡ ಮಾಡಿದೆ. ಹತ್ತು ದಿನದಲ್ಲಿ ಏಳು ಜನ ಬಂದರು, ಏಳೂ ಜನ ನೆಟ್ಟಗೆ ಬಂದರು. ಕಾನತಾನಿಯ ಆ ಅಜ್ಜಿಯೇ ಫೋನು ಮಾಡಿ, "ಏನಮ್ಮಾ, ಈಗ ಯಾರನ್ನೂ ಕಳಿಸ್ತಾನೇ ಇಲ್ವಲ್ಲ, ಮೂಲಂಗಿ ಹಾಗೇ ಬಿದ್ದಿದೆ" ಎಂದು ಮುನಿಸಿಕೊಂಡರು.

ಬಂದವರಿಗೆ ಮಾವನ ಕುಂಚ ಕಂಡರೆ ಪ್ರಾಣ. ಅದರಲ್ಲೂ ಬಿಳಿ ಮೇಕೆಕೂದಲಿನ ದೊಡ್ಡ ಕುಂಚ. ಈಚೆಗೆ ಅದರಲ್ಲಿ ಒಂದೋ ಎರಡೋ ಕಂದು ಕೂದಲು ಸೇರಿಸುತ್ತಿದ್ದಾರೆ ಮಾವ. ಬೆಳ್ಳಗಿನ ನಡುವೆ ಒಂದು ಕಂದು ಗೆರೆ. ನಾನು ಮೊದಲು ನೋಡಿದಾಗ ಕೇಳೋಣ ಅಂದುಕೊಂಡೆ, ಆಮೇಲೆ ಸುಮ್ಮನಾದೆ. ತಮ್ಮದೇ ಗುರುತು ಇರಲಿ ಎಂದು ಮಾಡುತ್ತಿರಬೇಕು. ಪರದೇಶದವರು ಅದನ್ನೇ ಹುಡುಕಿ ಕೊಳ್ಳುತ್ತಾರೆ.

ಈಗ ಒಂದು ಮಾತು ನೇರವಾಗಿ ಕೇಳುತ್ತೇನೆ. ಕ್ಷೌರದಂಗಡಿ ಅಕ್ಕಿ ಅಂಗಡಿಯ ಎದುರಿಗೆ ಬಂದು ಎರಡು ವರ್ಷವಾಯಿತು. ನಿನ್ನ ಕಾಲದಲ್ಲಿ ಅದು ನಿಲ್ದಾಣದ ಹಿಂದೆ ಇತ್ತು. ಅಕ್ಕಿ ಅಂಗಡಿ ಮುಚ್ಚಿದೆ ಎಂದೂ ನಾನು ಬರೆದಿರಲಿಲ್ಲ. ನಿನಗೆ ಯಾರು ಹೇಳಿದರು?

ನನಗೆ ಗೊತ್ತಾಯಿತು ಬಿಡು. ನಿಮ್ಮಣ್ಣ! ನನ್ನ ಬೆನ್ನ ಹಿಂದೆ ನಿನಗೆ ಕಾಗದ ಬರೆಯುತ್ತಿದ್ದಾರೆ. ರಾತ್ರಿ ಊಟಕ್ಕೆ ಕೂತಾಗ ಹಿಡಿದೆ.

"ನಿಮ್ಮ ತಂಗಿಗೆ ಕಾಗದ ಹಾಕ್ತಿದೀರಾ?"

"ನಾನಾ?"

"ಮತ್ತೆ ಕ್ಷೌರದಂಗಡಿ ಕಂಬದ ವಿಷಯ ಅವಳಿಗೆ ಕನಸು ಬಿತ್ತಾ?"

"ಇಕುಯೊ, ನಾನು ಮೂವತ್ತೆಂಟು ವರ್ಷದಿಂದ ಆಫೀಸಲ್ಲಿ ಬರೆದು ಬರೆದು ಸತ್ತಿದೀನಿ. ಮನೇಗೆ ಬಂದು ಯಾಕೆ ಬರೀಲಿ?"

ಹೀಗೆ ಹೇಳಿ ಮೀನು ತಿನ್ನುತ್ತಾ ಕೂತರು. ನಾನು ನಂಬಿಲ್ಲ. ಬರೆದಿದ್ದರೆ ತಪ್ಪೇನಿಲ್ಲ, ನನಗೆ ಹೇಳಬಹುದಿತ್ತು ಅಷ್ಟೆ. ಮನೆಯವರೆಲ್ಲರ ನಡುವೆ ಓಲೆಕಾರಳಾಗಿ ನಾನೊಬ್ಬಳೇ ಓಡಾಡುತ್ತಿದ್ದೇನೆಂದು ಇಷ್ಟು ವರ್ಷ ತಿಳಿದಿದ್ದೆ.

ಇಕುಯೊ

*

ಹ್ಯಾಲಿಫ್ಯಾಕ್ಸ್
ಮಾರ್ಚ್ 25, 2024

ಅತ್ತಿಗೆ,

ಉತ್ತರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ಅಣ್ಣನನ್ನು ಬೈಯಬೇಡಿ. ಅವನು ಒಂದಕ್ಷರವನ್ನೂ ಬರೆದಿಲ್ಲ. ಕ್ಷೌರದಂಗಡಿಯ ಕಂಬವನ್ನು ನಾನೇ ನೋಡಿದೆ. ಹೋದ ನವೆಂಬರ್ ಹದಿನಾಲ್ಕರಂದು ನಾನು ಮಿನಾಗಿಗೆ ಬಂದಿದ್ದೆ.

ಐವತ್ತನೇ ಹುಟ್ಟುಹಬ್ಬಕ್ಕೆ ಡಂಕನ್ ಟಿಕೆಟ್ಟು ತೆಗೆದು ಕೈಗಿಟ್ಟ. "ಹೋಗಿ ಬಾ. ಬಾಗಿಲು ತೆಗೆದರೆ ಒಳಗೆ ಹೋಗು, ತೆಗೆಯದಿದ್ದರೆ ಓಕಾಯಾಮದಲ್ಲಿ ಚೆನ್ನಾಗಿ ಊಟ ಮಾಡಿ ವಾಪಸ್ ಬಾ" ಅಂದ. ನಾನು ಯಾರಿಗೂ ತಿಳಿಸಲಿಲ್ಲ. ತಿಳಿಸಿದರೆ ನೀವು ಅಪ್ಪನನ್ನು ಒಪ್ಪಿಸಲು ಹೆಣಗುತ್ತಿದ್ದಿರಿ, ಆ ಭಾರ ನಿಮ್ಮ ಮೇಲೆ ಬೇಡವೆನ್ನಿಸಿತು.

ನಿಮಗೆ ಆ ದಿನ ನೆನಪಿದೆಯಲ್ಲ, ಇಪ್ಪತ್ತಾರು ವರ್ಷದ ಹಿಂದಿನದು. ನೀವು ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದಿರಿ. ಮದುವೆಗಲ್ಲ ಅಪ್ಪನಿಗೆ ಅಷ್ಟು ಸಿಟ್ಟು ಬಂದದ್ದು. ಒಂಬತ್ತನೇ ವಯಸ್ಸಿನಿಂದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಂಚದ ಕಟ್ಟಿನಿಂದ ಕೆಟ್ಟ ಕೂದಲು ಆರಿಸುವುದನ್ನು ಕಲಿಸಿದ್ದರು. ಅಣ್ಣನ ಕೈಗೆ ಹತ್ತದ್ದು ನನಗೆ ಹತ್ತಿತ್ತು. ಅದನ್ನು ಬಿಟ್ಟು ಹೊರಟೆನಲ್ಲ, ಅದಕ್ಕೆ. "ಹೋಗು. ಈ ಮನೆಯ ದಾರಿ ಮರೆತುಬಿಡು" ಅಂದರು. ನೀವು ಜನವರಿಯಲ್ಲಿ ಅದೇ ಮನೆಯ ದಾರಿಯನ್ನು ಬರೆದುಕೊಡು ಎಂದು ಕಾಗದ ಹಾಕಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವತ್ತು ಮಳೆ. ನಿಲ್ದಾಣದಲ್ಲಿ ಯಾರು ಬೇಕಾದರೂ ತೆಗೆದುಕೊಂಡು ಹೋಗಿ ವಾಪಸು ಇಡುವ ಕೊಡೆಗಳಿರುತ್ತವಲ್ಲ, ಅದರಲ್ಲೊಂದು ಹಳದಿ ಕೊಡೆ ಹಿಡಿದು ಬಂದೆ. ಮಂಗಳವಾರ ಎಂಬುದೇ ಮರೆತಿತ್ತು. ರಜೆಯ ಹಲಗೆ ತೂಗುತ್ತಿತ್ತು. ಗಾಜಿನ ಆಚೆ ಅಪ್ಪ ಕೂತಿದ್ದರು, ಅದೇ ಜಾಗದಲ್ಲಿ. ನಮ್ಮಿಬ್ಬರ ನಡುವೆ ಏಳೆಂಟು ಹೆಜ್ಜೆಯೂ ಇರಲಿಲ್ಲ. ಅವರು ತಲೆ ಎತ್ತಿದರು. ನೇರವಾಗಿ ನನ್ನ ಮುಖ ನೋಡಿದರು. ನಾನು ಕೊಡೆ ತಗ್ಗಿಸಿ ತಲೆ ಬಾಗಿಸಿದೆ. ಅವರು ಮುಖದ ಮುಂದೆ ಕೈಯನ್ನು ಅತ್ತ ಇತ್ತ ಆಡಿಸಿದರು. ಬೇಡ, ಬೇಡ ಎನ್ನುವಂತೆ. ಆಮೇಲೆ ತಲೆ ಬಗ್ಗಿಸಿ ಮತ್ತೆ ಕೂದಲು ಆರಿಸತೊಡಗಿದರು.

ಕಾಲು ಗಂಟೆ ನಿಂತೆ. ಅವರು ಮತ್ತೆ ತಲೆ ಎತ್ತಲಿಲ್ಲ. ಕೊಡೆಯನ್ನು ನಿಲ್ದಾಣದಲ್ಲಿಟ್ಟು ವಾಪಸು ಬಂದೆ.

ನನಗೆ ಅಪ್ಪನ ಮೇಲೆ ಸಿಟ್ಟಿಲ್ಲ. ಅವರು ಹೇಳಿದ ಮಾತಿಗೆ ನಿಂತರು. ಆದರೆ ಇದನ್ನು ಅವರ ಕಿವಿಗೆ ಹಾಕಬೇಡಿ, ಮಾತು ಕೊಡಿ.

ಚಿಗುಸಾ

*

ಮಿನಾಗಿ
ಏಪ್ರಿಲ್ 5, 2024

ಚಿಗುಸಾ,

ನಿನ್ನ ಕಾಗದವನ್ನು ಹಿತ್ತಲಲ್ಲಿ ನಿಂತು ಓದಿದೆ. ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗೆ ಬಿತ್ತು, ಅದನ್ನೇ ತುಳಿದುಕೊಂಡು ಒಳಗೆ ಬಂದೆ.

ಆ ತಿಂಗಳು ಮಂಗಳವಾರಗಳಂದು ನಾನು ಒರಿತೊಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಿದ್ದೆ. ನಿನ್ನ ಗಾಡಿಯೂ ನನ್ನ ಗಾಡಿಯೂ ಎಲ್ಲೋ ಎದುರಾಗಿ ದಾಟಿರಬೇಕು. ಯಃಕಶ್ಚಿತ್ ಒಂದು ಹಲ್ಲಿಗಾಗಿ ನಾನು ಮನೆಯಲ್ಲಿರಲಿಲ್ಲ! ನನ್ನ ಮೇಲೆ ನನಗೇ ಎಷ್ಟು ಕೋಪ ಬಂದಿದೆಯೋ ನಿನ್ನ ಮೇಲೂ ಅಷ್ಟೇ ಬಂದಿದೆ. ಹಿಂದಿನ ದಿನ ಒಂದು ಫೋನು ಮಾಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಮಾವನ ಕೈಯಾಡಿಸುವಿಕೆಯನ್ನು ಅಷ್ಟೊಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಈಚೆಗೆ ಅವರು ರಜೆಯ ದಿನ ಗಾಜಿನ ಆಚೆ ಯಾರು ನಿಂತರೂ ಹಾಗೇ ಮಾಡುತ್ತಾರೆ. ಮೊನ್ನೆ ನಿಮ್ಮಣ್ಣ ಬೀಗದ ಕೈ ಮರೆತು ಹೊರಗೆ ನಿಂತಿದ್ದರು, ಅವರಿಗೂ ಹಾಗೇ ಕೈ ಆಡಿಸಿದರು. "ಅಪ್ಪಾ, ನಾನು!" ಅಂತ ಇವರು ಗಾಜು ಬಡಿದ ಮೇಲೆ ಎದ್ದುಬಂದರು. ಮಾವನಿಗೆ ಈ ವಯಸ್ಸಿನಲ್ಲಿ ತಮಾಷೆ ಹತ್ತಿದೆ ಎಂದು ನಾವಿಬ್ಬರೂ ನಕ್ಕೆವು.

ಮಾತು ಕೊಡುತ್ತೇನೆ, ಹೇಳುವುದಿಲ್ಲ. ನಾನೂ ಒಂದು ಸತ್ಯ ಒಪ್ಪಿಕೊಳ್ಳುತ್ತೇನೆ. ದಾರಿಯ ಚೀಟಿಯನ್ನು ಇಂಗ್ಲಿಷ್ ಮಾಡಿಕೊಡಲು ಪುರಸಭೆಯಲ್ಲಿ ಜನ ಇದ್ದಾರೆ, ಪುಕ್ಕಟೆಯಾಗಿ. ನಿಮ್ಮಣ್ಣನೇ ಹೇಳಿದ್ದರು. ನಾನೇ ಬೇಡ ಅಂದೆ. ಕಾರ್ಡಿನಲ್ಲಿ ನಾಲ್ಕು ಸಾಲಿನ ಮೇಲೆ ಜಾಗ ಇರುವುದಿಲ್ಲ, ನೋಡು.

ಇಕುಯೊ

*

ಹ್ಯಾಲಿಫ್ಯಾಕ್ಸ್ — ತುರ್ತು ಅಂಚೆ
ಏಪ್ರಿಲ್ 16, 2024

ಅತ್ತಿಗೆ,

ಫೋನು ಮಾಡಲು ಮೂರು ಸಲ ನಂಬರು ಒತ್ತಿ ಇಟ್ಟುಬಿಟ್ಟೆ. ಫೋನು ಅಪ್ಪನ ಮಗ್ಗುಲಲ್ಲೇ ಇರುತ್ತದೆ, ಅವರೇ ಎತ್ತಿಬಿಟ್ಟರೆ? ಅದಕ್ಕೇ ಇದು.

ಅಪ್ಪನನ್ನು ಕೂಡಲೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ಕಂದು ಕೂದಲು ಗುರುತಲ್ಲ ಅತ್ತಿಗೆ. ನನಗೆ ಹನ್ನೆರಡು ವರ್ಷವಿದ್ದಾಗ ಬಿಳಿ ಕುಂಚದಲ್ಲಿ ಒಂದೇ ಒಂದು ಕಂದೆಳೆ ಉಳಿಸಿದ್ದೆ. ಅಪ್ಪ ಮೂರು ದಿನದ ಆ ಕೆಲಸವನ್ನು ಬಿಚ್ಚಿ ಒಲೆಗೆ ಹಾಕಿದರು. ಆ ಮನುಷ್ಯ ಬೇಕೆಂದು ಅದನ್ನು ಸೇರಿಸುತ್ತಾರೆಯೇ? ತಲೆಕೆಳಗಾದ ಕೂದಲು, ತುದಿ ಸವೆದ ಕೂದಲು ಬೆರಳಿಗೆ ಸಿಗುತ್ತವೆ, ಕತ್ತಲಲ್ಲೂ ಆರಿಸಬಹುದು. ಬಣ್ಣ ಬೆರಳಿಗೆ ಸಿಗುವುದಿಲ್ಲ.

ಅಣ್ಣನ ವಿಷಯ ನೀವು ಬರೆದಿದ್ದನ್ನು ಓದಿದ ಮೇಲೆ ನಿದ್ದೆ ಬಂದಿಲ್ಲ. ಮಗನನ್ನೇ ಗುರುತು ಹಿಡಿಯಲಿಲ್ಲ ಎಂದರೆ ನವೆಂಬರಿನಲ್ಲಿ ಅವರು ನೋಡಿದ್ದು ನನ್ನ ಮುಖವನ್ನಲ್ಲ.

ನನ್ನ ವಿಷಯ ಆಮೇಲೆ ನೋಡೋಣ. ಮೊದಲು ಕಣ್ಣು.

ಚಿಗುಸಾ

*

ಮಿನಾಗಿ
ಮೇ 12, 2024

ಪ್ರೀತಿಯ ಚಿಗುಸಾ,

ಕೊಟ್ಟ ಮಾತನ್ನು ಮುರಿದಿದ್ದೇನೆ. ಯಾಕೆ ಮುರಿದೆ ಎನ್ನುವುದನ್ನು ಪೂರ್ತಿ ಓದಿ ಆಮೇಲೆ ಬೈಯಿ.

ನಿನ್ನ ತುರ್ತು ಕಾಗದ ಬಂದ ದಿನ ಬೆಳಗಿನ ಪೇಪರನ್ನು ಬೇಕೆಂದೇ ತಲೆಕೆಳಗು ಮಾಡಿ ಮಾವನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಚಹಾ ಕುಡಿಯುತ್ತಾ, ಹತ್ತು ನಿಮಿಷ ನೋಡಿದರು. ಹಾಳೆ ತಿರುವಿದರು ಕೂಡ.

"ಏನ್ ಸಮಾಚಾರ ಮಾವ?"

"ಏನಿರುತ್ತೆ. ದಿನಾ ಅದೇ ರಾಜಕೀಯ, ಅದೇ ಬೇಸ್‌ಬಾಲು."

"ಮಾವ, ಪೇಪರು ತಲೆಕೆಳಗಿದೆ."

ಅವರ ಕೈ ನಿಂತುಬಿಟ್ಟಿತು. ನಾನು ಯಾಕಾದರೂ ಹೇಳಿದೆನೋ ಅನ್ನಿಸಿತು ಚಿಗುಸಾ. ಮಡಿಸಿ ಪಕ್ಕಕ್ಕಿಟ್ಟರು. ಎಷ್ಟು ದಿನದಿಂದ ಎಂದು ಕೇಳಿದೆ.

"ಎರಡು ವರ್ಷ. ಎಡಗಣ್ಣು ಮೂರೂ ಆಗಿರಬಹುದು."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಅಂಗಡಿ ಮುಚ್ಚಿಸ್ತಿದ್ರಿ. ಕುರುಡನ ಕೈಗೆ ಯಾರಮ್ಮ ಚಾಕು ಕೊಡ್ತಾರೆ? ನನ್ನ ಬೆರಳು ಕೆಲಸ ಮಾಡ್ತಿವೆ. ಯಾವ ಗಿರಾಕೀನೂ ದೂರು ಹೇಳಿಲ್ಲ. ಡಾಕ್ಟರು ಗೀಕ್ಟರು ಅಂತ ಎಳೀಬೇಡ."

ಮೂರು ದಿನ ನಾನೂ ನಿಮ್ಮಣ್ಣನೂ ಕೇಳಿಕೊಂಡೆವು. ಜಗ್ಗಲಿಲ್ಲ. ಎಂಬತ್ಮೂರಕ್ಕೆ ಕಣ್ಣು ಹೋಗುವುದು ವಯೋಧರ್ಮವಂತೆ. ನಾಲ್ಕನೇ ದಿನ ನನಗೆ ತಡೆಯಲಾಗಲಿಲ್ಲ. "ಈ ಕಣ್ಣಿಂದ ನೀವು ಏನು ಕಳಕೊಂಡ್ರಿ ಗೊತ್ತಾ?" ಎಂದು ಶುರುಮಾಡಿ ಎಲ್ಲ ಹೇಳಿಬಿಟ್ಟೆ. ನವೆಂಬರು, ಮಳೆ, ಗಾಜು, ಅವರು ಆಡಿಸಿದ ಕೈ.

ಅವರು ಅವತ್ತು ಊಟ ಮುಟ್ಟಲಿಲ್ಲ. ಸಂಜೆ ನಾನು ಹಲಗೆ ಒರೆಸುತ್ತಿದ್ದಾಗ ಕೇಳಿದರು:

"ಕೊಡೆ ಯಾವ ಬಣ್ಣದ್ದು?"

"ಹಳದಿ ಅಂತೆ."

"ಹೂಂ. ಹಳದಿ." ಕಿಟಕಿಯ ಕಡೆ ಮುಖ ತಿರುಗಿಸಿದರು. "ನೋಡಿದೆ ಅದನ್ನ. ಬಹಳ ಹೊತ್ತು ನಿಂತಿತ್ತು. ಎಂಥ ತಾಳ್ಮೆಯ ಗಿರಾಕಿ ಅಂದ್ಕೊಂಡೆ."

ಮಾರನೇ ದಿನ ಬೆಳಗ್ಗೆ ಆರಕ್ಕೇ ಎದ್ದು, ಒಳ್ಳೆ ಕೋಟು ಹಾಕಿಕೊಂಡು, ಬಾಗಿಲಲ್ಲಿ ಕೂತು ಷೂ ಕಟ್ಟಿಕೊಳ್ಳುತ್ತಿದ್ದರು. "ಆ ಡಾಕ್ಟರ ಆಸ್ಪತ್ರೆ ಎಷ್ಟೊತ್ತಿಗೆ ತೆಗೀತಾರೆ?" ಅಂದರು.

ಎರಡು ಕಣ್ಣಿಗೂ ಪೊರೆ. ಒಳ್ಳೆ ಹುಡುಗಿ ಆ ಡಾಕ್ಟರು. "ತಾತ, ಇದು ಮಂಜು ಕವಿದ ಕಿಟಕಿ ಇದ್ದ ಹಾಗೆ. ಗಾಜು ಬದಲಾಯಿಸಿದರೆ ಆಯ್ತು" ಅಂದಳು. ಜೂನ್ ಆರಕ್ಕೆ ಬಲಗಣ್ಣು, ಹದಿನೈದು ದಿನ ಬಿಟ್ಟು ಎಡಗಣ್ಣು. ವಯಸ್ಸು ಜಾಸ್ತಿ, ಪೊರೆ ಗಟ್ಟಿಯಾಗಿದೆ, ನೂರಕ್ಕೆ ನೂರು ಎಂದು ಮಾತು ಕೊಡಲಾರೆ ಎಂದೂ ಹೇಳಿದಳು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಈ ಮನೆಯಲ್ಲಿ ಮುಚ್ಚಿಟ್ಟಿದ್ದು ಸಾಕು.

ಈಗ ಬೈಯಿ.

ಇಕುಯೊ

*

ಮಿನಾಗಿ
ಜುಲೈ 3, 2024

ಚಿಗುಸಾಗೆ,

ಕಣ್ಣು ಕಾಣುತ್ತಿದೆ. ಎರಡೂ.

ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಇಕುಯೊ. ಅವಳಿಗೆ ಇಷ್ಟು ವಯಸ್ಸಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದು ತಪ್ಪಾಯಿತು. ಎರಡು ದಿನ ಮೀನಿಲ್ಲದ ಸಾರು ಹಾಕಿದಳು.

ಎರಡು ವರ್ಷದಲ್ಲಿ ಮಾಡಿ ಇಟ್ಟ ಬಿಳಿ ಕುಂಚಗಳನ್ನು ತೆಗೆದು ನೋಡಿದೆ. ಮೂವತ್ತೊಂದರಲ್ಲಿ ಕಂದು ಕೂದಲಿದೆ. ನಾಚಿಕೆಯಾಯಿತು. ಕೊಂಡವರು ತಂದರೆ ಬದಲಿಸಿಕೊಡುತ್ತೇವೆ ಎಂದು ನಿನ್ನ ಚೀಟಿಯಲ್ಲಿ ಒಂದು ಸಾಲು ಸೇರಿಸಬೇಕು, ಇಂಗ್ಲಿಷಿನಲ್ಲಿ ಬರೆದು ಕಳಿಸು. ನಮ್ಮ ಮನೆಯ ಗುರುತು ಕಂದು ಕೂದಲೇ ಎಂದು ಜನ ತಿಳಿದರೆ ನನ್ನ ಅಪ್ಪ ಗೋರಿಯಿಂದ ಎದ್ದು ಬರುತ್ತಾನೆ.

ನವೆಂಬರಿನಲ್ಲಿ ನಾನು ಕೈ ಆಡಿಸಿದ್ದು ಒಬ್ಬ ಗಿರಾಕಿಗೆ. ನಿನಗಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಹೇಳಿದ್ದು ನಿನಗೇ. ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹೇಳಿದ ಮರುವಾರವೇ ತೆಗೆದುಕೊಂಡಿದ್ದೆ. ತಿಳಿಸುವುದು ಹೇಗೆಂದು ತಿಳಿಯಲಿಲ್ಲ. ವರ್ಷವಾಯಿತು, ಹತ್ತು ವರ್ಷವಾಯಿತು, ಆಮೇಲೆ ಹೇಳುವುದೇ ಅಸಭ್ಯವೆನ್ನಿಸಿತು.

ಮಂಗಳವಾರದ ರಜೆ ಇನ್ನಿಲ್ಲ. ಆ ರಜೆಯ ಹಲಗೆ ತೆಗೆದು ಒಲೆಗೆ ಹಾಕಿದ್ದೇನೆ. ಇಕುಯೊ ಕೂಗಾಡುತ್ತಿದ್ದಾಳೆ.

ನಿನ್ನ ಗಂಡನ ಕೆಲಸ ಮರದ್ದೋ ಕಬ್ಬಿಣದ್ದೋ? ಇಕುಯೊಗೂ ಸರಿಯಾಗಿ ಗೊತ್ತಿಲ್ಲ.

ಮೊಮೊಸೆ ತೊಕುಜಿ

*

ಹ್ಯಾಲಿಫ್ಯಾಕ್ಸ್
ಜುಲೈ 20, 2024

ಅಪ್ಪಾ,

ನಿಮ್ಮ ಕಾಗದ ಬಂತು. ಲಕೋಟೆಯ ಮೇಲಿನ ಕುಂಚದ ಅಕ್ಷರ ನೋಡಿಯೇ ಡಂಕನ್‌ಗೆ ತಿಳಿಯಿತು. ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಹುಲ್ಲು ಕತ್ತರಿಸತೊಡಗಿದ. ನಿನ್ನೆಯಷ್ಟೇ ಕತ್ತರಿಸಿದ್ದ.

ಅವನ ಕೆಲಸ ಮರದ್ದು, ಅಪ್ಪಾ. ಹಳೆಯ ದೋಣಿಗಳಿಗೆ ಹಲಗೆ ಕೂರಿಸುತ್ತಾನೆ. ಎಲ್ಲಿ ಕೊಳೆತಿದೆ ಎಂದು ಬೆರಳಿನಿಂದ ತಟ್ಟಿಯೇ ಹೇಳುತ್ತಾನೆ.

ನೀವು ಕೇಳಿದ ಸಾಲನ್ನು ಇಂಗ್ಲಿಷಿನಲ್ಲಿ ಬರೆದು ಇದರೊಳಗಿಟ್ಟಿದ್ದೇನೆ.

ಬೇರೆ ಮಾತುಗಳಿಗೆ ಉತ್ತರ ಬರೆಯಲು ಕೂತರೆ ನನಗೂ ಇಪ್ಪತ್ತಾರು ವರ್ಷ ಬೇಕಾಗಬಹುದು. ಬಂದೇ ಹೇಳುತ್ತೇನೆ. ಅಕ್ಟೋಬರ್ ಒಂದು, ಮಂಗಳವಾರ, ಮಧ್ಯಾಹ್ನ ಎರಡೂ ಹತ್ತರ ಗಾಡಿ. ಈ ಸಲವೂ ಒಬ್ಬಳೇ. ಮೂರು ವಾರ ರಜೆ ಸಿಕ್ಕಿದೆ.

ಯಾರೂ ನಿಲ್ದಾಣಕ್ಕೆ ಬರುವುದು ಬೇಡ. ದಾರಿ ನನಗೆ ಗೊತ್ತು.

ಚಿಗುಸಾ

*

ಮಿನಾಗಿ
ನವೆಂಬರ್ 2, 2024

ಪ್ರೀತಿಯ ಚಿಗುಸಾ,

ನೀನು ಹೊರಟು ಹನ್ನೊಂದು ದಿನವಾಯಿತು. ನೀನು ಬಿಟ್ಟುಹೋದ ಉಣ್ಣೆಯ ಕಾಲುಚೀಲವನ್ನು ನಿಮ್ಮಣ್ಣ ಹಾಕಿಕೊಂಡು ಓಡಾಡುತ್ತಿದ್ದಾರೆ. ಕಂದು ಕೂದಲಿನ ಕುಂಚವನ್ನು ಇವತ್ತಿನವರೆಗೂ ಒಬ್ಬರೂ ವಾಪಸು ತಂದಿಲ್ಲ. ಬೆಲ್ಜಿಯಮ್ಮಿನ ಒಬ್ಬ ಮುದುಕನಂತೂ ಮಾವ ಕೈ ಚಾಚಿದಾಗ ಕುಂಚವನ್ನು ಎದೆಗವಚಿಕೊಂಡು ಹೊರಗೆ ಓಡಿದ.

ನೀನು ಬಂದ ದಿನ ನಾವು ಕಾದ ಆ ಎರಡು ತಾಸು ಪ್ಲಾಟ್‌ಫಾರ್ಮಿನಲ್ಲಿ ಏನಾಯಿತು ಎಂದು ನೀನು ಕೇಳಿದ್ದೆ. ಮಾವನ ಎದುರಿಗೆ ಹೇಳಲಾಗದೆ ನಾನು ಮಾತು ಮರೆಸಿದೆ. ಈಗ ಬರೆಯುತ್ತೇನೆ.

ಬರಬೇಡಿ ಎಂದು ನೀನು ಬರೆದಿದ್ದರೂ ಮಾವ ಒಂದು ಗಂಟೆಗೇ ಹೊರಟರು. ಒಬ್ಬರನ್ನೇ ಬಿಡಲಾದೀತೇ, ನಾನೂ ಹೋದೆ. ಎರಡೂ ಹತ್ತಕ್ಕೆ ಗಾಡಿ ಸರಿಯಾಗಿ ಬಂತು. ಬಾಗಿಲು ತೆರೆಯಿತು. ಶಾಲೆಯ ಹುಡುಗಿಯರು ಇಳಿದರು, ಸೊಪ್ಪಿನ ಗಂಟು ಹೊತ್ತ ಹೆಂಗಸು ಇಳಿದಳು. ಚಾಲಕ ನಮ್ಮಿಬ್ಬರನ್ನು ನೋಡಿ, ಇನ್ನಾರೂ ಇಲ್ಲ ಎನ್ನುವಂತೆ ತಲೆಯಾಡಿಸಿ, ಬಾಗಿಲು ಹಾಕಿಕೊಂಡು ಹೋದ.

ಮಾವ ಗಾಡಿ ಹೋದ ಕಡೆಯೇ ನೋಡುತ್ತಾ ನಿಂತಿದ್ದರು. ಆಮೇಲೆ ಬೆಂಚಿನ ಮೇಲೆ ಕೂತರು.

"ಮನಸ್ಸು ಬದಲಾಯಿಸಿರಬೇಕು," ಅಂದರು.

"ಇಲ್ಲ ಮಾವ, ಬರ್ತಾಳೆ. ಏನೋ ತಡ ಆಗಿರುತ್ತೆ."

"ಬರದಿದ್ರೂ ತಪ್ಪಿಲ್ಲ. ಅವಳು ಮಳೇಲಿ ನಿಂತಿದ್ಲು. ನಾನು ನೆರಳಲ್ಲಿ ಕೂತಿದೀನಿ."

ಮನೆಗೆ ಹೋಗೋಣ ಎಂದೆ. ಕೇಳಲಿಲ್ಲ. ನಾನು ಅನ್ನದುಂಡೆ ತಂದುಕೊಟ್ಟೆ. ಅರ್ಧ ತಿಂದು ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು, ನಿನಗೆ ಹಸಿದಿರಬಹುದೆಂದು. ಅದನ್ನು ನಿನಗೆ ಕೊಡಲು ನಾಚಿಕೆಪಟ್ಟು ಆಮೇಲೆ ಬೆಕ್ಕಿಗೆ ಹಾಕಿದರು. ಇದು ನಿನಗೆ ಗೊತ್ತಿರಲಿ.

ಮೂರೂವರೆಗೆ ಅಂಗಡಿಯಿಂದ ಮಸಾತೊ ಓಡಿಬಂದರು. ಏದುಸಿರು ಬಿಡುತ್ತಾ, ನಗುತ್ತಾ, ಮಾತೇ ಹೊರಡುತ್ತಿರಲಿಲ್ಲ.

"ಕಾನತಾನಿ ಅಜ್ಜಿ ಫೋನ್ ಮಾಡಿದ್ರು! 'ನಿಮ್ಮ ಗಿರಾಕಿ ಒಬ್ಬಳು ಬಂದಿದಾಳೆ, ಈ ಸಲದವಳು ನಮ್ಮ ಭಾಷೆ ಚೆನ್ನಾಗಿ ಮಾತಾಡ್ತಾಳೆ, ಹೆಸರು ಚಿಗುಸಾ ಅಂತೆ' ಅಂದ್ರು!"

ಮುಂದಿನ ಬೋಗಿ ಶಾಲೆಯ ಮಕ್ಕಳಿಂದ ತುಂಬಿತ್ತು, ಒರಿತೊದಲ್ಲಿ ಬದಲಾಯಿಸೋಣ ಎಂದು ಹಿಂದಿನದನ್ನು ಹತ್ತಿದೆ, ಎರಡು ದಿನದ ಪ್ರಯಾಣ, ಕಣ್ಣು ಮುಚ್ಚಿಕೊಂಡುಬಿಟ್ಟಿತು ಎಂದು ನೀನು ಆಮೇಲೆ ಎಷ್ಟು ವಿವರಿಸಿದರೂ ಈ ಊರು ಕೇಳುವುದಿಲ್ಲ. ಚೀಟಿ ಬರೆದವಳೇ ಹಿಂದಿನ ಬೋಗಿಯಲ್ಲಿ ಕೂತಳು ಎಂದು ಕ್ಷೌರದಂಗಡಿಯಲ್ಲಿ ಇವತ್ತಿಗೂ ನಗುತ್ತಾರೆ.

ಮಾವ ನಗಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ನಿಮ್ಮಣ್ಣ ಗಾಬರಿಯಿಂದ, "ಅಪ್ಪಾ, ಕಣ್ಣಿಗೆ ನೀರು ಸೋಕಬಾರದು ಅಂತ ಡಾಕ್ಟರು ಹೇಳಿದಾರೆ" ಅಂದರು. "ಅದು ಹೊರಗಿನ ನೀರು ಕಣೋ, ಮುಟ್ಠಾಳ" ಎಂದರು ಮಾವ.

ನಾಲ್ಕೂ ಕಾಲಿನ ಗಾಡಿ ಬಂದಾಗ ಬಾಗಿಲ ಎದುರಿಗೆ ಹೋಗಿ ನಿಂತವರು ಅವರೇ. ನೀನು ಒಳಗಿನಿಂದ ಗುಂಡಿ ಒತ್ತುವುದನ್ನು ಮರೆತು ಸುಮ್ಮನೆ ನಿಂತಿದ್ದೆ. ಗಾಜಿನ ಆಚೆ ನೀನು, ಈಚೆ ಅವರು. ಹೊರಗಿನ ಗುಂಡಿ ಒತ್ತಿದ್ದು ಮಾವ. ಅದು ನಿನಗೆ ಕಂಡಿರಲಿಕ್ಕಿಲ್ಲ, ನೀನು ಅವರ ಮುಖ ನೋಡುತ್ತಿದ್ದೆ.

ಮೂರು ವಾರ ನೀನು ಹಲಗೆಯ ಆ ಪಕ್ಕ ಕೂತು ಕೂದಲು ಆರಿಸಿದ್ದನ್ನು ನಾನು ಕುಂಚಗಳಿಗೆ ಹಿಡಿ ಕೂರಿಸುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ನೀವಿಬ್ಬರೂ ಮಾತಾಡಿದ್ದು ಎಷ್ಟು ಎಂದು ಲೆಕ್ಕ ಹಾಕಿದರೆ ಒಂದು ಕಾರ್ಡಿನಲ್ಲಿ ಹಿಡಿಸುತ್ತದೆ. ನನಗೇನೂ ಬೇಸರವಿಲ್ಲ. ಈ ಮನೆಯಲ್ಲಿ ಮಾತು ನನ್ನ ಪಾಲಿಗೆ ಬಂದಿರುವ ಆಸ್ತಿ.

ನೀನು ಹೊರಟ ದಿನ ಅವರು ನಿನ್ನ ಪೆಟ್ಟಿಗೆಯಲ್ಲಿಟ್ಟ ಕೂದಲಿನ ಕಟ್ಟು, ಚಾಕು, ಬಾಚಣಿಗೆ ಜೋಪಾನ ತಲುಪಿದವಷ್ಟೆ?

ಇಕುಯೊ

*

ಹ್ಯಾಲಿಫ್ಯಾಕ್ಸ್
ಡಿಸೆಂಬರ್ 10, 2024

ಅತ್ತಿಗೆ,

ಅನ್ನದುಂಡೆಯ ವಿಷಯ ಓದಿ ಗ್ರಂಥಾಲಯದಲ್ಲೇ ಅತ್ತುಬಿಟ್ಟೆ. ಜನ ತಿರುಗಿ ನೋಡಿದರು.

ಕೊಟ್ಟಿಗೆಯಲ್ಲಿ ಡಂಕನ್ ನನಗೊಂದು ಹಲಗೆ ಮಾಡಿಕೊಟ್ಟಿದ್ದಾನೆ, ಕಿಟಕಿಯ ಪಕ್ಕಕ್ಕೆ. ದಿನಾ ಸಂಜೆ ಎರಡು ಗಂಟೆ ಕೂರುತ್ತೇನೆ. ಮೊದಲ ವಾರ ಬೆರಳು ಮರಗಟ್ಟಿದ ಹಾಗಿತ್ತು. ಆಮೇಲೆ ಒಂದು ದಿನ ಚಾಕುವಿನ ಅಲಗಿಗೆ ತಲೆಕೆಳಗಾದ ಕೂದಲು ತಾನಾಗಿ ಸಿಕ್ಕಿತು, ನೋಡುವ ಮೊದಲೇ.

ಇದರ ಜೊತೆ ಆರು ಕುಂಚದ ತಲೆಗಳಿವೆ. ಹಿಡಿ ಕೂರಿಸಿಲ್ಲ. ಅಪ್ಪನ ಮುಂದೆ ಇಟ್ಟುಬಿಡಿ, ಏನೂ ಹೇಳಬೇಡಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರೆಯಲಿ. ದೂರದಲ್ಲಿದ್ದಾಳೆ ಎಂದು ಮೆತ್ತಗೆ ಹೇಳುವುದು ಬೇಡ.

ಮುಂದಿನ ವಸಂತದಲ್ಲಿ ಡಂಕನ್ ಕೂಡ ಬರುತ್ತಾನೆ. ದಾರಿಯ ಚೀಟಿಯನ್ನು ಈಗಲೇ ಬಾಯಿಪಾಠ ಮಾಡುತ್ತಿದ್ದಾನೆ.

ಚಿಗುಸಾ

*

ಮಿನಾಗಿ
ಜನವರಿ 8, 2025

ಚಿಗುಸಾಗೆ,

ಆರೂ ಬಂದವು. ಬೆಳಕಿನಲ್ಲಿ ಹಿಡಿದು ನೋಡಿದೆ, ಕಣ್ಣು ಮುಚ್ಚಿಯೂ ನೋಡಿದೆ.

ನಾಲ್ಕು ಸರಿಯಿವೆ. ಹಿಡಿ ಕೂರಿಸಲು ಇಕುಯೊಗೆ ಕೊಟ್ಟಿದ್ದೇನೆ. ಮಾರಾಟಕ್ಕೆ ಇಡುತ್ತೇವೆ.

ಎರಡರಲ್ಲಿ ತುದಿ ಸವೆದ ಕೂದಲು ಉಳಿದಿದೆ. ವಾಪಸು ಕಳಿಸಿದ್ದೇನೆ. ಬಿಚ್ಚಿ ಮತ್ತೆ ಮಾಡು. ಅವಸರ ಬೇಡ. ನಾನು ನಿನ್ನ ವಯಸ್ಸಿನವನಿದ್ದಾಗ ನನ್ನ ಅಪ್ಪ ನನ್ನ ಆರರಲ್ಲಿ ಮೂರನ್ನು ಒಲೆಗೆ ಹಾಕಿದ್ದ.

ತೊಕುಜಿ